ಜಡ್ಡಿ ಪಾಳುಭೂಮಿಯಲ್ಲ: ಶರಾವತಿ ಕಣಿವೆಯ ಜೌಗು ಕಾಡುಗಳ ಬಗ್ಗೆ ರೈತರಿಗೆ ಕೆಲವು ಮಾತು



ಮಲೆನಾಡಿನ ರೈತರಲ್ಲಿ ಒಂದು ಅಭಿಪ್ರಾಯ ಬಹಳ ಕಾಲದಿಂದ ಬೇರೂರಿದೆ. ಗದ್ದೆಯಾಗಿರುವ ಭೂಮಿ ಉಪಯುಕ್ತ, ತೋಟವಾಗಿರುವ ಭೂಮಿ ಇನ್ನೂ ಉಪಯುಕ್ತ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜಡ್ಡಿ ಮಾತ್ರ ಯಾವ ಕೆಲಸಕ್ಕೂ ಬಾರದ ಪಾಳುಭೂಮಿ ಎಂಬುದೇ ಆ ಅಭಿಪ್ರಾಯ. ಅಡಿಕೆಯ ಧಾರಣೆ ಏರಿದಂತೆಲ್ಲ ಇಂತಹ ಜಡ್ಡಿಗಳ ಮೇಲೆ ಕಣ್ಣು ಬೀಳುತ್ತದೆ. ಮೊದಲು ಒಂದು ಬಸಿಗಾಲುವೆ ತೋಡಲಾಗುತ್ತದೆ. ನಂತರ ಮರಗಳು ಹೋಗುತ್ತವೆ. ಅದಾದ ಮೇಲೆ ಮಣ್ಣು ತುಂಬಿ ಸಸಿ ನೆಡಲಾಗುತ್ತದೆ. ಕೆಲವೇ ವರ್ಷಗಳಲ್ಲಿ, ಆ ಜಡ್ಡಿಯ ಕೆಳಗೆ ತಲೆಮಾರುಗಳಿಂದ ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ ಫೆಬ್ರವರಿಯಲ್ಲೇ ಬತ್ತುತ್ತದೆ.

ಜಡ್ಡಿಯನ್ನು ಬಸಿದು ತೋಟ ಮಾಡುವುದು ಬೇಸಾಯದ ದೃಷ್ಟಿಯಿಂದಲೇ ನಷ್ಟದ ಕೆಲಸ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾಡು, ಪ್ರಾಣಿ, ಪಕ್ಷಿಗಳ ಮಾತು ಹಾಗಿರಲಿ, ಬರೀ ತೋಟದ ನೀರಿನ ಲೆಕ್ಕ ಹಾಕಿದರೂ ಇದು ತಿಳಿಯುತ್ತದೆ. ಇದಕ್ಕೆ ಶರಾವತಿ ಕಣಿವೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪ್ರದೇಶದ ಪರಿಚಯ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕಿ, ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ. ನದಿಯ ಒಟ್ಟು ಉದ್ದ ಸುಮಾರು 130 ಕಿಲೋಮೀಟರ್ ಮಾತ್ರ. ಆದರೂ ಇಷ್ಟು ಚಿಕ್ಕ ನದಿ ಇಷ್ಟೊಂದು ನೀರನ್ನು ಹೊರುವುದಕ್ಕೆ ಕಾರಣ ಘಟ್ಟದ ಮಳೆ. ಲಿಂಗನಮಕ್ಕಿ ಜಲಾನಯನದ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಸ್ಥಳಗಳಿವೆ. ಪೂರ್ವಕ್ಕೆ ಸರಿದಂತೆ ಅದು 2,000 ಮಿಲಿಮೀಟರಿಗಿಂತ ಕೆಳಗೆ ಇಳಿಯುತ್ತದೆ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಸುರಿದುಹೋಗುತ್ತದೆ.

ಈ ಕಣಿವೆಯಲ್ಲಿ ನೀರು ಎರಡು ಬಗೆಯಲ್ಲಿ ನಿಂತಿದೆ. ಒಂದು, ಮನುಷ್ಯ ಕಟ್ಟಿದ ಲಿಂಗನಮಕ್ಕಿ ಜಲಾಶಯ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಹಿಂದೆ 151 ಟಿ.ಎಂ.ಸಿ. ಅಡಿಗಳಷ್ಟು ನೀರು ನಿಲ್ಲುತ್ತದೆ. ಗುಡ್ಡದ ನೆತ್ತಿಗಳು ದ್ವೀಪಗಳಾದವು, ಕಣಿವೆಯ ತಳದ ಗದ್ದೆ ತೋಟಗಳು ಮುಳುಗಿದವು, ಸಾವಿರಾರು ಕುಟುಂಬಗಳು ಊರು ಬಿಟ್ಟವು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಜನ ಹಿನ್ನೀರನ್ನು ದಾಟಲು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿಕೊಂಡಿದ್ದರು. ಈ ನೀರು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ 1,035 ಮೆಗಾವಾಟ್‌ವರೆಗೆ ವಿದ್ಯುತ್ ಕೊಡುತ್ತದೆ. ಆದರೆ ದಡದ ಮೇಲಿನ ತೋಟಕ್ಕೆ ಅದು ತಾನಾಗಿ ಹತ್ತಿ ಬರುವುದಿಲ್ಲ. ಜಲಾಶಯ ತುಂಬಿದಾಗಲೂ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ತೋಟ ಇರುವುದು ಅದಕ್ಕಿಂತ ಮೇಲೆ. ಕಣ್ಣೆದುರಿಗೆ ಸಮುದ್ರದಂತಹ ನೀರಿದ್ದರೂ ಏಪ್ರಿಲ್‌ನಲ್ಲಿ ಅಡಿಕೆ ಮರ ಸೊರಗುವುದು ಇದೇ ಕಾರಣದಿಂದ.

ಎರಡನೆಯದು, ಯಾರೂ ಕಟ್ಟದೆ ನಿಂತಿರುವ ನೀರು. ಘಟ್ಟದ ನೆತ್ತಿಯ ಸಣ್ಣ ಸಣ್ಣ ಕಣಿವೆಗಳ ತಳದಲ್ಲಿ, ದಟ್ಟ ಕಾಡಿನ ನೆರಳಿನಲ್ಲಿರುವ ಜಡ್ಡಿಗಳೇ ಇವು. ತೋಟಗಳಿಗೆ ನೀರು ಕೊಡುವುದು ಇವೇ.

ಜಡ್ಡಿ ಹೇಗೆ ಉಂಟಾಗುತ್ತದೆ?

ಎರಡು ಗುಡ್ಡಗಳ ನಡುವೆ ಹಳ್ಳ ಹುಟ್ಟುವ ಜಾಗ ಕೆಲವೆಡೆ ಇಳಿಜಾರಾಗಿರದೆ ಸಮತಟ್ಟಾಗಿರುತ್ತದೆ. ಗುಡ್ಡದಿಂದ ಕೊಚ್ಚಿ ಬಂದ ಮರಳು, ಮೆಕ್ಕಲು ಮತ್ತು ಎಲೆಗೊಬ್ಬರ ಅಲ್ಲಿ ಸಾವಿರಾರು ವರ್ಷಗಳಿಂದ ಶೇಖರವಾಗಿದೆ. ಮಳೆಗಾಲದಲ್ಲಿ ಗುಡ್ಡದ ಕಾಡುನೆಲ ಕುಡಿದ ನೀರು ಜಂಬಿಟ್ಟಿಗೆಯ ಸಂದುಗಳಲ್ಲಿ ನಿಧಾನವಾಗಿ ಜಿನುಗುತ್ತ ಈ ತಟ್ಟಿಗೆ ಬಂದು ಸೇರುತ್ತದೆ. ಇಳಿಜಾರು ಕಡಿಮೆಯಾದ್ದರಿಂದ ಮುಂದಕ್ಕೆ ಓಡಲಾರದು. ಹೀಗೆ ನೆಲದ ಮಟ್ಟದಲ್ಲೇ ನಿಂತು, ಕೆಳಗಿನ ಬಾಯಿಯಿಂದ ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತದೆ. ಉತ್ತರ ಕನ್ನಡದಲ್ಲಿ ಇದನ್ನೇ ಜಡ್ಡಿ ಎನ್ನುತ್ತಾರೆ. ಶಿರಸಿ ತಾಲ್ಲೂಕಿನ ಜಡ್ಡಿಗದ್ದೆಯಂತಹ ಊರ ಹೆಸರುಗಳಲ್ಲಿಯೂ ಈ ಮಾತು ಉಳಿದುಕೊಂಡಿದೆ.

ಇಲ್ಲೊಂದು ವಿಷಯವನ್ನು ನೀವು ಸರಿಯಾಗಿ ತಿಳಿಯಬೇಕು. ಜಡ್ಡಿ ತಾನಾಗಿ ನೀರನ್ನು ಹುಟ್ಟಿಸುವುದಿಲ್ಲ. ನೀರನ್ನು ಇಂಗಿಸುವುದು ಮೇಲಿನ ಗುಡ್ಡದ ಕಾಡು. ಆ ನೀರನ್ನು ತಡೆದು, ತಂಪಾಗಿಟ್ಟು, ಅಳೆದು ಬಿಡುವುದು ಜಡ್ಡಿ. ಗುಡ್ಡ ಬೋಳಾದರೆ ಜಡ್ಡಿಗೆ ಬರುವ ನೀರು ನಿಲ್ಲುತ್ತದೆ. ಜಡ್ಡಿ ಬಸಿದುಹೋದರೆ ಗುಡ್ಡ ಕೊಟ್ಟ ನೀರು ನಿಲ್ಲುವುದಿಲ್ಲ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ನೋಡಬೇಕು.

ಕತ್ತಲೆಕಾನಿನ ಮರಗಳು

ಸಿದ್ದಾಪುರ ತಾಲ್ಲೂಕಿನಲ್ಲಿ, ಮಾವಿನಗುಂಡಿಯಿಂದ ಗೇರುಸೊಪ್ಪೆಯ ಕಡೆಗೆ ಘಟ್ಟ ಇಳಿಯುವ ರಸ್ತೆಯ ಬದಿಯಲ್ಲಿ ಕತ್ತಲೆಕಾನು ಇದೆ. ಹೆಸರಿಗೆ ತಕ್ಕಂತೆ ಹಗಲಿನಲ್ಲೂ ಬಿಸಿಲು ನೆಲಕ್ಕೆ ತಾಗದ ಕಾಡು. ಇಲ್ಲಿನ ಜಡ್ಡಿಗಳಲ್ಲಿ ರಾಮಪತ್ರೆಯ ವಂಶಕ್ಕೆ ಸೇರಿದ ಮರಗಳೇ ಮುಖ್ಯವಾದವು. ಹೀಗಾಗಿ ಇವಕ್ಕೆ ರಾಮಪತ್ರೆ ಜಡ್ಡಿ ಎಂಬ ಹೆಸರು ಬಂದಿದೆ. ಭಾರತದಲ್ಲಿ ಇಂತಹ ಕಾಡುಗಳ ವಿವರ ಮೊದಲಿಗೆ 1960ರಲ್ಲಿ ತಿರುವಾಂಕೂರು ಪ್ರದೇಶದಿಂದ ಪ್ರಕಟವಾಯಿತು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ದೇಶದ ಕಾಡುಗಳನ್ನು ವರ್ಗೀಕರಿಸಿದಾಗ ಇದನ್ನು ಸಿಹಿನೀರಿನ ಜೌಗು ಕಾಡಿನ ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿದರು.

ನೀರು ನಿಂತ ನೆಲದಲ್ಲಿ ಗಾಳಿ ಇರುವುದಿಲ್ಲ. ಸಾಮಾನ್ಯ ಮರದ ಬೇರು ಅಲ್ಲಿ ಕೊಳೆಯುತ್ತದೆ. ಜಡ್ಡಿಯ ಮರಗಳು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಮರವು ಕಾಂಡದಿಂದಲೇ ಊರುಗೋಲಿನಂತಹ ಬೇರುಗಳನ್ನು ಸುತ್ತಲೂ ಇಳಿಬಿಡುತ್ತದೆ. ಜಿಮ್ನಾಕ್ರಾಂತೆರಾ ಎಂಬ ಇನ್ನೊಂದು ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಬೇರು ಉಸಿರಾಡುವುದು ಈ ಮೊಣಕಾಲುಗಳ ಮೂಲಕ. ಇಂತಹ ಬೇರುಗಳ ಬಲೆ ಇಡೀ ಜಡ್ಡಿಯನ್ನು ಹೆಣೆದಿರುವುದರಿಂದ ನೀರಿನ ಓಟ ನಿಧಾನವಾಗುತ್ತದೆ, ಮೆಕ್ಕಲು ಕೊಚ್ಚಿಹೋಗುವುದಿಲ್ಲ.

2000ನೇ ಇಸವಿಯಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಗೇರಿನ ವಂಶದ ಒಂದು ಹೊಸ ಮರವನ್ನು ಇಲ್ಲಿಂದ ವಿವರಿಸಿ, ಊರಿನ ಹೆಸರಿನಿಂದಲೇ ಅದನ್ನು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಇದರ ಸಂತಾನಾಭಿವೃದ್ಧಿಯ ಬಗ್ಗೆ ಅಧ್ಯಯನ ನಡೆಸಿದ್ದಾರೆ. ಈ ಕಣಿವೆಯ ಸಿಂಗಳೀಕಗಳಿಗೆ ಆಸರೆಯಾಗಿರುವುದೂ ಇಂತಹ ನಿತ್ಯಹಸಿರು ಕಾಡೇ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ವನ್ಯಧಾಮದೊಂದಿಗೆ ಸೇರಿಸಿ ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನಾಗಿ ಮಾಡಲಾಯಿತು.

ರೈತರು ಗಮನಿಸಬೇಕಾದ ಅಂಶವೊಂದಿದೆ. ಈ ಮರಗಳ ಬೀಜಗಳನ್ನು ಭತ್ತದ ಬೀಜದಂತೆ ಒಣಗಿಸಿಡಲು ಬರುವುದಿಲ್ಲ. ಒಣಗಿದರೆ ಮೊಳಕೆಯ ಶಕ್ತಿ ಹೋಗುತ್ತದೆ. ತೇವ ಮತ್ತು ನೆರಳು ಎರಡೂ ಇದ್ದಲ್ಲಿ ಮಾತ್ರ ಸಸಿ ಏಳುತ್ತದೆ. ಆದುದರಿಂದ ಒಮ್ಮೆ ಬಸಿದು ಬಿಸಿಲಿಗೆ ಒಡ್ಡಿದ ಜಡ್ಡಿ ತಾನಾಗಿಯೇ ಮತ್ತೆ ಜಡ್ಡಿಯಾಗಲಾರದು. ಗದ್ದೆಯನ್ನು ಬೀಳುಬಿಟ್ಟು ಮತ್ತೆ ಉಳಬಹುದು. ಜಡ್ಡಿಯ ವಿಷಯದಲ್ಲಿ ಆ ಅನುಕೂಲವಿಲ್ಲ.

ನೀರಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. 2.7 ಮೀಟರ್ ಅಂತರದಲ್ಲಿ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕು. ಅಂದರೆ ಎಕರೆಗೆ ದಿನಕ್ಕೆ ಹೆಚ್ಚೆಂದರೆ 11,000 ಲೀಟರ್. ಹಾಯಿಸುವ ಪದ್ಧತಿಯಲ್ಲಿ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಕೊಟ್ಟರೆ, ದಿನದ ಲೆಕ್ಕದಲ್ಲಿ 19,000 ಲೀಟರ್ ದಾಟುತ್ತದೆ.

ಜಡ್ಡಿಯ ಬಾಯಿಯಿಂದ ಬೇಸಿಗೆಯಲ್ಲಿ ಸೆಕೆಂಡಿಗೆ ಕೇವಲ ಒಂದು ಲೀಟರ್ ನೀರು ಬರುತ್ತಿದೆ ಎಂದಿಟ್ಟುಕೊಳ್ಳಿ. ನೋಡಿದವರು ಇದನ್ನು ಹಳ್ಳವೆನ್ನದೆ ಬರೀ ಒರತೆ ಎಂದಾರು. ಆದರೆ ದಿನಕ್ಕೆ ಇದು 86,400 ಲೀಟರ್ ಆಗುತ್ತದೆ. ರಾತ್ರಿಯ ನೀರನ್ನೂ ತೊಟ್ಟಿಯಲ್ಲಿ ಹಿಡಿದುಕೊಂಡರೆ ಹನಿ ನೀರಾವರಿಯಲ್ಲಿ ಏಳು ಎಕರೆಗೂ ಹೆಚ್ಚು, ಹಾಯಿಸುವ ಪದ್ಧತಿಯಲ್ಲಿ ನಾಲ್ಕು ಎಕರೆ ತೋಟಕ್ಕೆ ಇದು ಸಾಕಾಗುತ್ತದೆ. ಪಂಪು ಬೇಡ, ಡೀಸೆಲ್ ಬೇಡ, ವಿದ್ಯುತ್ತಿಗೆ ಕಾಯುವುದೂ ಬೇಡ. ನಮ್ಮ ಹಿರಿಯರು ಅಡಿಕೆ ದಬ್ಬೆಯಲ್ಲಿ ಹರಿಸಿ ತಂದ ಅಬ್ಬಿ ನೀರು ಇಂತಹದೇ.

ಇನ್ನು ಬಸಿದರೆ ಆಗುವ ನಷ್ಟ. ಒಂದು ಎಕರೆ ಜಡ್ಡಿಯಲ್ಲಿ ಒಂದು ಮೀಟರ್ ಆಳದ ಬಸಿಗಾಲುವೆ ತೋಡಿದರೆ ನೀರಿನ ಮಟ್ಟ ಸುಮಾರು ಅಷ್ಟೇ ಕೆಳಗಿಳಿಯುತ್ತದೆ. ಆ ಮಣ್ಣಿನ ಗಾತ್ರದಲ್ಲಿ ಐದನೇ ಒಂದು ಪಾಲು ಬಸಿದುಹೋಗುವ ನೀರು ಎಂದು ಹಿಡಿದರೆ 8 ಲಕ್ಷ ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಒಂದು ಎಕರೆ ತೋಟಕ್ಕೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಾಕಾಗುವ ನೀರು ಇದು. ಬೇಡವಾದ ಕಾಲದಲ್ಲಿ, ಅಂದರೆ ಮಳೆಗಾಲ ಮುಗಿದ ಕೂಡಲೇ, ಅದು ಹಳ್ಳ ಸೇರುತ್ತದೆ. ಪ್ರತಿ ವರ್ಷವೂ ಹೀಗೆಯೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇದೆ. ಜಡ್ಡಿ ಬಸಿಯುವವನು ಕುಡಿಕೆಯ ಹೊನ್ನನ್ನು ಹಳ್ಳಕ್ಕೇ ಸುರಿಯುತ್ತಾನೆ.

ಕಾಡಿಗೂ ಹಳ್ಳಕ್ಕೂ ಇರುವ ಸಂಬಂಧವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರದವರು ಇದೇ ಘಟ್ಟಪ್ರದೇಶದಲ್ಲಿ ಅಧ್ಯಯನ ಮಾಡಿದ್ದಾರೆ. ಜಲಾನಯನದ ಶೇಕಡ 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಜಾತಿಯ ಕಾಡು ಉಳಿದಿರುವಲ್ಲಿ ಹಳ್ಳಗಳು ವರ್ಷವಿಡೀ ಹರಿಯುತ್ತವೆ, ಕಾಡು ಹಾಳಾದಲ್ಲಿ ಮಳೆಗಾಲದ ಸುಮಾರು ನಾಲ್ಕು ತಿಂಗಳು ಮಾತ್ರ ಹರಿಯುತ್ತವೆ ಎಂದು ಅವರು ಕಂಡುಕೊಂಡರು. ಇದು ಹೊಸ ತಿಳಿವಳಿಕೆಯೇನಲ್ಲ. ಕಾನನ್ನು ದೇವರ ಕಾಡೆಂದು ಕೊಡಲಿ ಮುಟ್ಟಿಸದೆ ಬಿಟ್ಟಿದ್ದ ಹಳ್ಳಿಗರಿಗೆ ಇದು ಅನುಭವದಿಂದಲೇ ಗೊತ್ತಿತ್ತು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಕುರಿತು ಒಂದು ಜಂಟಿ ವರದಿಯನ್ನೇ ಬರೆದರು.

ಬಸಿದ ಜಡ್ಡಿಯಲ್ಲಿ ಬೆಳೆ ಹೇಗೆ?

"ನೀರು ಹೋದರೂ ನೆಲ ಸಿಕ್ಕಿತಲ್ಲ" ಎಂದು ಕೆಲವರು ಹೇಳಬಹುದು. ಆ ನೆಲ ಎಂತಹದು ನೋಡಿ. ಅಡಿಕೆಗೆ ತೇವ ಬೇಕು, ಆದರೆ ನಿಂತ ನೀರು ಆಗದು. ಜಡ್ಡಿಯಲ್ಲಿ ಮಾಡಿದ ತೋಟಕ್ಕೆ ಮಳೆಗಾಲದಲ್ಲಿ ಸುತ್ತಲಿನ ಗುಡ್ಡದ ನೀರೆಲ್ಲ ಇಳಿಯುತ್ತದೆ. ಬಸಿಗಾಲುವೆಯನ್ನು ಪ್ರತಿ ವರ್ಷ ಹೂಳೆತ್ತಿ ಆಳ ಉಳಿಸಿಕೊಳ್ಳದಿದ್ದರೆ ಬೇರಿಗೆ ಗಾಳಿ ಸಿಗದೆ ಮರ ಕುಗ್ಗುತ್ತದೆ. ಹಿಡಿಮುಂಡಿಗೆ ಮತ್ತು ಅಣಬೆ ರೋಗಗಳು ನೀರು ಸರಿಯಾಗಿ ಬಸಿಯದ ತೋಟಗಳಲ್ಲಿ ಹೆಚ್ಚೆಂಬುದು ನಿಮಗೆ ತಿಳಿದ ವಿಷಯವೇ. ಬಿಸಿಲು ಬೀಳದ, ಸದಾ ತೇವದಿಂದ ಕೂಡಿದ ಕಣಿವೆಯ ತಳದಲ್ಲಿ ಕೊಳೆರೋಗದ ಬಾಧೆಯೂ ಹೆಚ್ಚು. ಇನ್ನು ಭತ್ತ ಹಾಕಿದರೆ, ಜಂಬಿಟ್ಟಿಗೆ ಗುಡ್ಡದಿಂದ ಜಿನುಗಿ ಬಂದ ಕಬ್ಬಿಣದ ಅಂಶ ನಿಂತ ನೀರಿನಲ್ಲಿ ಕರಗಿ, ಎಲೆಗಳ ಮೇಲೆ ಕಂದು ಚುಕ್ಕೆ ಮೂಡಿ ತೆಂಡೆ ಕಡಿಮೆಯಾಗುವುದುಂಟು. ಜಡ್ಡಿಯ ನೀರಿನ ಮೇಲೆ ತೇಲುವ ಕೆಂಪು ಕೆನೆಯೇ ಇದರ ಗುರುತು.

ಆರಂಭದ ಕೆಲವು ವರ್ಷ ಬೆಳೆ ಚೆನ್ನಾಗಿ ಕಾಣುವುದು ನಿಜ. ಅದು ಶತಮಾನಗಳಿಂದ ಕೂಡಿದ ಎಲೆಗೊಬ್ಬರದ ಬಲ. ನೀರು ಇಳಿದು ಗಾಳಿ ಆಡತೊಡಗಿದೊಡನೆ ಈ ಸಾವಯವ ಅಂಶ ಬೇಗನೆ ಕಳಿತು ಕರಗುತ್ತದೆ. ಅದು ಮುಗಿದ ಮೇಲೆ ಉಳಿಯುವುದು ಮರಳು ಮಿಶ್ರಿತ, ಸಾರವಿಲ್ಲದ ಮಣ್ಣು. ಅಷ್ಟರಲ್ಲಿ ಕೆಳಗಿನ ಹಳೆಯ ತೋಟಕ್ಕೂ ನೀರು ತಪ್ಪಿರುತ್ತದೆ. ಒಂದು ಎಕರೆ ಹೊಸ ತೋಟಕ್ಕಾಗಿ ನಾಲ್ಕು ಎಕರೆ ಹಳೆಯ ತೋಟವನ್ನು ಬಾಯಾರಿಸಿದಂತಾಗುತ್ತದೆ. ಹಾಗೆ ಬಾಯಾರುವ ತೋಟ ಅನೇಕ ವೇಳೆ ನೆರೆಯವರದ್ದಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಹೊಟ್ಟೆಪಾಡಿನ ಪ್ರಶ್ನೆ

ಸಣ್ಣ ಹಿಡುವಳಿದಾರನ ಕಷ್ಟವನ್ನು ಬದಿಗಿಟ್ಟು ಈ ಮಾತು ಹೇಳುತ್ತಿಲ್ಲ. ಈ ಕಣಿವೆಯ ಜನ ನಾಡಿನ ಬೆಳಕಿಗಾಗಿ ಒಮ್ಮೆ ಒಳ್ಳೆಯ ನೆಲವನ್ನು ಬಿಟ್ಟುಕೊಟ್ಟವರು. ಅರ್ಧ ಎಕರೆಯಲ್ಲಿ ಸಂಸಾರ ನಡೆಸುವವನಿಗೆ ಪಕ್ಕದ ಜಡ್ಡಿ ಆಸೆ ಹುಟ್ಟಿಸಿದರೆ ಆಶ್ಚರ್ಯವಿಲ್ಲ. "ಕಾಡು ಉಳಿಸಿ ಎಂದು ನಮಗೆ ಮಾತ್ರ ಏಕೆ ಹೇಳುತ್ತೀರಿ?" ಎಂದು ಅವನು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಜಡ್ಡಿ ಕಾಯುವ ಊರಿಗೆ ತೊಟ್ಟಿ ಕಟ್ಟಲು, ಹನಿ ನೀರಾವರಿ ಅಳವಡಿಸಲು ನೆರವಿನಲ್ಲಿ ಮೊದಲ ಪಾಲು ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಕೆಳಗಿನವರಿಗೆ ನೀರು ಉಳಿಸಿಕೊಟ್ಟವನಿಗೆ ಆ ಉಪಕಾರದ ಬೆಲೆ ಸಲ್ಲಬೇಕು.

ಆದರೆ ಆ ನ್ಯಾಯ ದೊರೆಯುವವರೆಗೆ ಜಡ್ಡಿಯನ್ನು ಬಸಿಯುತ್ತ ಹೋದರೆ ನಷ್ಟ ನಮಗೇ. 2023ರ ಮಳೆಗಾಲ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮಲೆನಾಡೂ ಅದರಿಂದ ಪಾರಾಗಲಿಲ್ಲ. ಅಂತಹ ವರ್ಷದಲ್ಲಿ ಕೊಳವೆಬಾವಿ ಕೊರೆಯಿಸುವ ಖರ್ಚು ಎಷ್ಟು, ನೀರು ಸಿಗುವ ಭರವಸೆ ಎಷ್ಟು ಎಂಬುದನ್ನು ನೀವೇ ಬಲ್ಲಿರಿ.

ರೈತರು ಮಾಡಬಹುದಾದ ಕೆಲಸಗಳು

1. ಮಾರ್ಚ್ ತಿಂಗಳಲ್ಲಿ ಒಂದು ದಿನ ನಿಮ್ಮ ಹಳ್ಳದ ನೀರನ್ನು ಅಳೆಯಿರಿ. ನೀರನ್ನೆಲ್ಲ ಒಂದು ದಬ್ಬೆಗೆ ಅಥವಾ ಕೊಳವೆಗೆ ತಿರುಗಿಸಿ, 15 ಲೀಟರಿನ ಕೊಡಪಾನ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ನೋಡಿ. 15 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಒಂದು ಲೀಟರ್ ಎಂದರ್ಥ. ಇದನ್ನು ಪ್ರತಿ ವರ್ಷ ಅದೇ ದಿನ, ಅದೇ ಜಾಗದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ನಾಲ್ಕೈದು ವರ್ಷದಲ್ಲಿ ಜಡ್ಡಿಯ ಸ್ಥಿತಿ ನಿಮಗೇ ತಿಳಿಯುತ್ತದೆ.

2. ಜಡ್ಡಿಯೊಳಗೆ ಬಾವಿ, ಗುಂಡಿ ಅಥವಾ ಕಾಲುವೆ ತೋಡಬೇಡಿ. ನೀರನ್ನು ಜಡ್ಡಿಯ ಬಾಯಿಯ ಕೆಳಗೆ ಹಿಡಿಯಿರಿ. ಬೇಸಿಗೆಯ ಹರಿವಿನಲ್ಲಿ ಅರ್ಧದಷ್ಟನ್ನಾದರೂ ಕೆಳಗಿನವರಿಗೆ ಬಿಡಿ.

3. ಜಡ್ಡಿಯ ಅಂಚಿನಿಂದ ಕನಿಷ್ಠ 30 ಹೆಜ್ಜೆ ಮೇಲಿನವರೆಗೆ ಮರ ಕಡಿಯುವುದು, ಬೆಂಕಿ ಹಾಕುವುದು ಬೇಡ. ನೆರಳು ಹೋದರೆ ಜಡ್ಡಿಯ ಸಸಿಗಳು ಉಳಿಯುವುದಿಲ್ಲ.

4. ಸೊಪ್ಪಿನ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೆ ಒಂದೇ ಪಾಲಿನಲ್ಲಿ ಸೊಪ್ಪು ಕಡಿಯಿರಿ. ತುದಿಯ ರೆಂಬೆಗಳನ್ನು ಬಿಡಿ. ದರಕನ್ನು ಪೂರ್ತಿ ಗುಡಿಸಿ ತೆಗೆಯಬೇಡಿ. ಮಳೆನೀರು ಇಂಗುವುದು ಅದರ ಮೂಲಕವೇ. ಸೊಪ್ಪಿನ ಕೊರತೆಯನ್ನು ತುಂಬಲು ತೋಟದ ಅಂಚಿನಲ್ಲಿ, ಬೇಲಿಯ ಸಾಲಿನಲ್ಲಿ ಗ್ಲಿರಿಸಿಡಿಯಾ ಬೆಳೆಯಿರಿ.

5. ಬೋಳಾದ ಬೆಟ್ಟದಲ್ಲಿ ಅಕೇಶಿಯಾದ ಬದಲು ಹಲಸು, ಮುರುಗಲು, ಉಪ್ಪಾಗೆ, ವಾಟೆ, ರಾಮಪತ್ರೆಗಳಂತಹ ಸ್ಥಳೀಯ ಜಾತಿಗಳನ್ನು ನೆಡಿ. ಇವುಗಳಿಂದ ಸೊಪ್ಪೂ ಉಂಟು, ಕಾಯಿಯಿಂದ ಆದಾಯವೂ ಉಂಟು.

6. ತೋಟದಲ್ಲಿ ಹನಿ ನೀರಾವರಿ ಅಳವಡಿಸಿ, ಬುಡಕ್ಕೆ ದಪ್ಪನೆಯ ಹೊದಿಕೆ ಹಾಕಿ. ರಾತ್ರಿಯ ನೀರನ್ನು ಹಿಡಿಯಲು ತೊಟ್ಟಿ ಕಟ್ಟಿಕೊಳ್ಳಿ. ಇರುವ ತೋಟದ ಇಳುವರಿ ಹೆಚ್ಚಿಸುವುದು ಹೊಸ ತೋಟ ಮಾಡುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ.

7. ಬೋರ್ಡೋ ದ್ರಾವಣದ ಡ್ರಮ್ಮು, ಸಿಂಪರಣೆಯ ಯಂತ್ರಗಳನ್ನು ಹಳ್ಳದಲ್ಲಿ ತೊಳೆಯಬೇಡಿ.

8. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಊರಿನ ಜಡ್ಡಿ, ಅದರಿಂದ ಹುಟ್ಟುವ ಹಳ್ಳ, ಅದನ್ನು ನಂಬಿದ ತೋಟಗಳು ಇವೆಲ್ಲವನ್ನೂ ಸಮಿತಿಯ ದಾಖಲೆಯಲ್ಲಿ ಬರೆಸಿ.

ಊರಿನವರು ಮನಸ್ಸು ಮಾಡಿದರೆ ಇದು ಸಾಧ್ಯ ಎಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ನಿದರ್ಶನವಿದೆ. ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆ ಎಂಬ ಹಳ್ಳಿಯ ಜನರು ದೇವರ ಕಾಡೆಂದು ಕಾಪಾಡಿಕೊಂಡು ಬಂದ ರಾಮಪತ್ರೆ ಜಡ್ಡಿಯನ್ನು 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ ಕೇವಲ 2.59 ಹೆಕ್ಟೇರ್. ಜಡ್ಡಿಯ ಬೆಲೆ ಅದರ ಅಳತೆಯಲ್ಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಘಟ್ಟದ ಮೇಲೆ 5,000 ಮಿಲಿಮೀಟರ್ ಮಳೆ ಬೀಳುವಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ಎರಡು ಕೋಟಿ ಲೀಟರ್ ನೀರು ಸುರಿಯುತ್ತದೆ. ಅಲ್ಲಿಯೂ ಬೇಸಿಗೆಯಲ್ಲಿ ನೀರಿಲ್ಲವೆಂದರೆ ಕೊರತೆ ಇರುವುದು ಮಳೆಯಲ್ಲಲ್ಲ, ಅದನ್ನು ಹಿಡಿದಿಡುವ ನೆಲದಲ್ಲಿ. ಆ ನೆಲವನ್ನು ಹೊಸದಾಗಿ ನಿರ್ಮಿಸಲು ಯಾವ ಇಲಾಖೆಯಿಂದಲೂ ಆಗದು. ಇರುವುದನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಆದುದರಿಂದ ಈ ಬೇಸಿಗೆಯಲ್ಲಿ ಗುದ್ದಲಿ ಎತ್ತುವ ಮುನ್ನ ಕೊಡಪಾನ ಹಿಡಿದು ಹಳ್ಳದ ಬಳಿ ಹೋಗಿ, ನಿಮ್ಮ ಜಡ್ಡಿ ದಿನಕ್ಕೆ ಎಷ್ಟು ನೀರು ಕೊಡುತ್ತಿದೆ ಎಂದು ಅಳೆಯಿರಿ. ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ನಿಮ್ಮ ನಿರ್ಧಾರವನ್ನು ಮಾಡಿರಿ.